ಬಲ್ವಾನಿ ಎಲ್ಲಿ ಹೋದ?

ಪ್ರಿಯ ಲೇಖಕಿಯವರೇ,

ನೀವು ಕಳಿಸಿದ ‘ಹೆಣ್ಣಿಗೆ ಜೈಲು, ಗಂಡಿಗೆ ಹೊಸ ಚೆಕ್ಕು’ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ವಿಷಯ ಬರೆಯಬೇಕಾದದ್ದೇ. 2022ರ ಜನವರಿಯಲ್ಲಿ, ರಕ್ತ ಪರೀಕ್ಷೆಯ ಅಮೆರಿಕನ್ ಕಂಪನಿ ಥೆರಾನೋಸ್ ಕಟ್ಟಿದ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ಮೋಸ ಮಾಡಿದ ತಪ್ಪಿತಸ್ಥೆ ಎಂದು ಜ್ಯೂರಿ ಹೇಳಿತು. ನವೆಂಬರಿನಲ್ಲಿ 11 ವರ್ಷ 3 ತಿಂಗಳ ಶಿಕ್ಷೆ ಬಿತ್ತು. ನಡುವೆ, ಆಗಸ್ಟಿನಲ್ಲಿ, ಆಫೀಸು ಜಾಗ ಬಾಡಿಗೆಗೆ ಕೊಡುವ ವೀವರ್ಕ್ ಕಂಪನಿ ಕಟ್ಟಿ ಅಲ್ಲಿಂದ ಹೊರಬಿದ್ದ ಆಡಮ್ ನ್ಯೂಮನ್‌ಗೆ ಇನ್ನೊಂದು ಕಂಪನಿ ಕಟ್ಟಲು 35 ಕೋಟಿ ಡಾಲರ್ ಸಿಕ್ಕಿತು. ಈ ಮೂರು ತಾರೀಖುಗಳನ್ನು ನೀವು ಒಟ್ಟಿಗೆ ಇಟ್ಟ ರೀತಿ ಚೆನ್ನಾಗಿದೆ. ಹೊಗಳಿಕೆ ಇಷ್ಟೇ. ಇನ್ನು ಜಗಳ.

ಮೊದಲ ಪುಟದ ನಾಲ್ಕನೇ ಸಾಲು: ‘ಸ್ಟಾರ್ಟ್‌ಅಪ್ ಲೋಕದಲ್ಲಿ ಹೂಡಿಕೆದಾರರಿಗೆ ಮೋಸ ಮಾಡಿ ಜೈಲಿಗೆ ಹೋಗುವುದು ಹೆಂಗಸರು ಮಾತ್ರ.’

ಹಾಗಾದರೆ ರಮೇಶ್ ಬಲ್ವಾನಿ ಎಲ್ಲಿ ಹೋದ? ಸನ್ನಿ ಬಲ್ವಾನಿ ಅಂತಲೇ ಎಲ್ಲರಿಗೂ ಗೊತ್ತಿರುವ ಆತ ಥೆರಾನೋಸ್‌ನ ಅಧ್ಯಕ್ಷನಾಗಿದ್ದವನು. ಅದೇ ಕಂಪನಿ, ಅದೇ ಹಗರಣ, ಅದೇ ನ್ಯಾಯಾಧೀಶರು. ಹೋಮ್ಸ್ ಮೇಲೆ ಜ್ಯೂರಿ ಮುಂದಿದ್ದ 11 ಆರೋಪಗಳಲ್ಲಿ ಸಾಬೀತಾದದ್ದು 4. ಬಲ್ವಾನಿ ಮೇಲಿದ್ದ 12ಕ್ಕೆ 12ರಲ್ಲೂ ತಪ್ಪಿತಸ್ಥ. ಶಿಕ್ಷೆ 12 ವರ್ಷ 11 ತಿಂಗಳು, ಅಂದರೆ ಹೋಮ್ಸ್‌ಗಿಂತ ಜಾಸ್ತಿ. ನಿಮ್ಮ ಎಂಟು ಪುಟದಲ್ಲಿ ಆತನ ಹೆಸರು ಒಂದು ಸಲವೂ ಇಲ್ಲ. ಥೆರಾನೋಸ್ ಬಗ್ಗೆ ಓದಿದವರಿಗೆ ಬಲ್ವಾನಿ ಕಣ್ಣಿಗೆ ಬೀಳದೇ ಇರುವುದು ಸಾಧ್ಯವೇ ಇಲ್ಲ. ನಿಮಗೆ ಗೊತ್ತಿತ್ತು, ಬಿಟ್ಟಿರಿ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಮೂರನೇ ಪುಟಕ್ಕೆ ಬನ್ನಿ. ಚಾರ್ಲಿ ಜಾವಿಸ್ ಕಥೆ. ಫ್ರಾಂಕ್ ಎಂಬ ತನ್ನ ಕಂಪನಿಗೆ 40 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದಾರೆ ಎಂದು ನಂಬಿಸಿ ಜೆಪಿ ಮಾರ್ಗನ್ ಬ್ಯಾಂಕಿಗೆ 17.5 ಕೋಟಿ ಡಾಲರಿಗೆ ಮಾರಿದಳು. ಇದ್ದದ್ದು 3 ಲಕ್ಷಕ್ಕೂ ಕಡಿಮೆ. 2025ರಲ್ಲಿ ಏಳು ವರ್ಷದ ಶಿಕ್ಷೆಯಾಯಿತು. ಎಲ್ಲ ಸರಿ. ಆದರೆ ಅದೇ ಜ್ಯೂರಿ ಅದೇ ದಿನ ಆಕೆಯ ಸಹೋದ್ಯೋಗಿ ಒಲಿವಿಯೆ ಅಮಾರ್‌ನನ್ನೂ ತಪ್ಪಿತಸ್ಥ ಎಂದಿತಲ್ಲ? ಅವನೂ ಮಾಯ. ಎರಡು ಕೇಸು, ಇಬ್ಬರು ಗಂಡಸರು, ಇಬ್ಬರೂ ನಿಮ್ಮ ಲೇಖನದಲ್ಲಿ ತಲೆಮರೆಸಿಕೊಂಡಿದ್ದಾರೆ.

ಇದರಿಂದ ನಿಮಗೇ ನಷ್ಟ. ‘ಹೆಂಗಸರು ಮಾತ್ರ’ ಎಂದು ಹಟ ಹಿಡಿದದ್ದರಿಂದ ನಿಕೋಲಾ ಎಂಬ ಲಾರಿ ಕಂಪನಿ ಕಟ್ಟಿದ ಟ್ರೆವರ್ ಮಿಲ್ಟನ್‌ನನ್ನೂ ಬಿಡಬೇಕಾಯಿತು. ಅವನಿಗೂ ಶಿಕ್ಷೆ ಆಗಿತ್ತು ನೋಡಿ. ನಿಕೋಲಾ ಕಂಪನಿಯ ಲಾರಿ ತನ್ನ ಬಲದ ಮೇಲೆ ಓಡುತ್ತಿದೆ ಅನ್ನಿಸುವ ಹಾಗೆ ವಿಡಿಯೊ ಬಂದಿತ್ತು. ನಿಜವಾಗಿ ಅದನ್ನು ದಿಬ್ಬದ ಮೇಲಕ್ಕೆ ಎಳೆದುಕೊಂಡು ಹೋಗಿ ಇಳಿಜಾರಿನಲ್ಲಿ ಉರುಳಬಿಟ್ಟಿದ್ದರು. ಅವನ ಮಾತು ನಂಬಿ ಷೇರು ಕೊಂಡವರಲ್ಲಿ ಸಾಮಾನ್ಯ ಜನ ಬಹಳ. 2023ರ ಡಿಸೆಂಬರಿನಲ್ಲಿ ನಾಲ್ಕು ವರ್ಷದ ಶಿಕ್ಷೆ. ಮೇಲ್ಮನವಿ ಹಾಕಿಕೊಂಡು ಹೊರಗೇ ಇದ್ದ. 2025ರ ಮಾರ್ಚಿನಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು. ಜೈಲಿನ ಬಾಗಿಲನ್ನೇ ದಾಟಲಿಲ್ಲ. ನಿಮ್ಮ ವಾದಕ್ಕೆ ಇದಕ್ಕಿಂತ ಬೇಕಾ? ಆದರೆ ನ್ಯೂಮನ್ ಕಥೆ ಬೇರೆ, ಅವನ ಮೇಲೆ ಕ್ರಿಮಿನಲ್ ಕೇಸೇ ಆಗಿಲ್ಲ. ದುಡ್ಡು ಕಳೆಯುವುದು ಬೇರೆ, ಸುಳ್ಳು ಹೇಳಿ ದುಡ್ಡು ಪಡೆಯುವುದು ಬೇರೆ. ಅವನನ್ನು ಹೋಮ್ಸ್ ಪಕ್ಕ ಕೂರಿಸಿ ಶಿಕ್ಷೆಯ ಮಾತಾಡಿದರೆ ಕಾನೂನು ಬಲ್ಲ ಯಾರಾದರೂ ಮೊದಲ ಪುಟದಲ್ಲೇ ನಿಮ್ಮನ್ನು ಕೆಡವುತ್ತಾರೆ. ಅವನು ನಿಮಗೆ ಸಾಕ್ಷಿಯಾಗುವುದು ದುಡ್ಡು ಸಿಗುವ ವಿಷಯದಲ್ಲಿ.

ಅಲ್ಲೇ ನನ್ನ ಎರಡನೇ ತಕರಾರು. ಐದನೇ ಪುಟ: ‘ಬಂಡವಾಳ ಹೂಡಲಾಯಿತು. ಅಪಾರ ನಂಬಿಕೆ ಇಡಲಾಯಿತು. ಎಚ್ಚರಿಕೆಗಳನ್ನು ಕಡೆಗಣಿಸಲಾಯಿತು.’ ಯಾರು ಹೂಡಿದ್ದು? ಯಾರು ಕಡೆಗಣಿಸಿದ್ದು? ಅಮೆರಿಕದಲ್ಲಿ ಹೆಂಗಸರೇ ಕಟ್ಟಿದ ಕಂಪನಿಗಳಿಗೆ ವೆಂಚರ್ ಬಂಡವಾಳದ, ಅಂದರೆ ಹೊಸ ಕಂಪನಿಗಳಿಗೆ ಹೂಡುವ ದುಡ್ಡಿನ, ನೂರರಲ್ಲಿ ಎರಡು ಡಾಲರ್ ಆಸುಪಾಸು ಸಿಗುತ್ತದೆ ಅಂತ ನೀವೇ ಬರೆದಿದ್ದೀರಿ. ಉಳಿದ ತೊಂಬತ್ತೆಂಟನ್ನು ಯಾರೋ ಕೂತು ಹಂಚಿದ್ದಾರೆ ತಾನೇ? ನ್ಯೂಮನ್‌ಗೆ ಚೆಕ್ಕು ಬರೆದದ್ದು ಆಂಡ್ರೀಸನ್ ಹೊರೊವಿಟ್ಸ್ ಎಂಬ ಹೂಡಿಕೆ ಸಂಸ್ಥೆ. ಅದನ್ನು ಸಮರ್ಥಿಸಿ ಬರೆದವರು ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಮಾರ್ಕ್ ಆಂಡ್ರೀಸನ್. ಥೆರಾನೋಸ್‌ಗೆ ಸುರಿದವರಲ್ಲಿ ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್, ವಾಲ್‌ಮಾರ್ಟ್‌ನ ವಾಲ್ಟನ್ ಕುಟುಂಬ, ಡಿವೋಸ್ ಕುಟುಂಬ ಇದ್ದಾರೆ. ಇವರೆಲ್ಲ ಹೆಸರಿರುವ ಜನ. ಮಳೆ ಬಂದ ಹಾಗೆ ದುಡ್ಡು ಬಂತು ಅಂತ ಬರೆದರೆ ಹೇಗೆ?

ನಾನು ಕೆಲಸ ಕಲಿತದ್ದು ಒಂದು ಸಣ್ಣ ದಿನಪತ್ರಿಕೆಯ ಡೆಸ್ಕಿನಲ್ಲಿ. ಆಗ ಜಾಸ್ತಿ ಬಡ್ಡಿ ಆಸೆ ತೋರಿಸಿದ ಫೈನಾನ್ಸ್ ಕಂಪನಿಯೊಂದು ಬಾಗಿಲು ಹಾಕಿತ್ತು. ನಮ್ಮ ಮುಖ್ಯ ಉಪಸಂಪಾದಕರು ವೀಳ್ಯ ಜಗಿಯುತ್ತಾ ಎಲ್ಲರ ಕಾಪಿಯನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು. ವರದಿಯಲ್ಲಿ ಠೇವಣಿ ಇಟ್ಟವರ ಗೋಳು ಬಂದ ಕೂಡಲೇ ಕೈ ಎತ್ತುತ್ತಿದ್ದರು. ‘ಅಳೋರ ಹೆಸರು ಆಯ್ತು, ತಗೊಂಡೋರದ್ದು ಓದಪ್ಪಾ.’ ಹೂವು ಮಾರುವ ಒಬ್ಬಾಕೆ ತನ್ನ ಪಾಸ್‌ಬುಕ್ ತಂದುಕೊಟ್ಟಿದ್ದಳು. ಹಿಂದಿನ ರಟ್ಟಿನ ಮೇಲೆ ಡೈರೆಕ್ಟರುಗಳ ಹೆಸರು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಅಷ್ಟನ್ನೂ ನನ್ನ ಕೈಲಿ ನಕಲು ಮಾಡಿಸಿ ಮೊದಲ ಪ್ಯಾರಾದಲ್ಲೇ ಹಾಕಿಸಿದರು. ಮರುದಿನ ಆಫೀಸಿಗೆ ಇಬ್ಬರು ಬಂದು ಕೂಗಾಡಿದರು. ನಮ್ಮ ಉಪಸಂಪಾದಕರು ಇನ್ನೊಂದು ಎಲೆ ಮಡಚಿ ಬಾಯಿಗಿಟ್ಟುಕೊಂಡರು, ಅಷ್ಟೇ.

ನಿಮ್ಮ ಲೇಖನದಲ್ಲಿ ಅಂಥ ಹೂವಿನವಳೂ ಇಲ್ಲ. ಆರನೇ ಪುಟದಲ್ಲಿ ‘ರೋಗಿಗಳಿಗೂ ನ್ಯಾಯ ಸಿಕ್ಕಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಎಲ್ಲಿ ಸಿಕ್ಕಿತು? ಹೋಮ್ಸ್ ಮೇಲೆ ಸಾಬೀತಾದ ನಾಲ್ಕೂ ಆರೋಪಗಳು ಹೂಡಿಕೆದಾರರಿಗೆ ಸಂಬಂಧಿಸಿದವು. ರೋಗಿಗಳ ವಿಷಯದ ಆರೋಪಗಳಲ್ಲಿ ಒಂದೂ ನಿಲ್ಲಲಿಲ್ಲ. ಬಲ್ವಾನಿ ವಿಚಾರಣೆಯಲ್ಲಿ ನಿಂತವು. ಅವನನ್ನು ಬಿಟ್ಟದ್ದಕ್ಕೆ ಇದೂ ಕೈತಪ್ಪಿತು. ಅರಿಜೋನಾದಲ್ಲಿ ಸುಮಾರು 1.75 ಲಕ್ಷ ಜನ ವಾಲ್‌ಗ್ರೀನ್ಸ್ ಔಷಧಿ ಅಂಗಡಿಗಳಂಥ ಕಡೆ ಥೆರಾನೋಸ್‌ನ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದರು. 2017ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಜೊತೆಗಿನ ಒಪ್ಪಂದದಂತೆ ಅವರಲ್ಲಿ ಸುಮಾರು 76 ಸಾವಿರ ಜನರಿಗೆ ವಾಪಸ್ ಬಂದದ್ದು ಒಟ್ಟು 46.5 ಲಕ್ಷ ಡಾಲರ್, ತಲೆಗೆ ಅರವತ್ತರ ಹತ್ತಿರ. ತಪ್ಪು ರಿಪೋರ್ಟ್ ನಂಬಿ ಗರ್ಭ ಹೋಯಿತು ಅಂದುಕೊಂಡು ದಿನ ಕಳೆದ ಮಹಿಳೆ ಕೋರ್ಟಿಗೆ ಬಂದು ಸಾಕ್ಷಿ ಹೇಳಿದ್ದರು. ಹೂಡಿಕೆದಾರರಿಗೆ ಹೋಮ್ಸ್ ಮತ್ತು ಬಲ್ವಾನಿ ಸೇರಿ ತುಂಬಿಕೊಡಬೇಕು ಎಂದು ಕೋರ್ಟು ಹೇಳಿದ ಮೊತ್ತ 45.2 ಕೋಟಿ ಡಾಲರ್. ಅದರಲ್ಲಿ ಮರ್ಡಾಕ್ ಒಬ್ಬರದ್ದೇ 12.5 ಕೋಟಿ. ಅಸಮಾನತೆ ಹುಡುಕಿಕೊಂಡು ಹೊರಟವರು ಇದನ್ನು ದಾಟಿಕೊಂಡು ಹೋಗಿದ್ದೀರಲ್ಲ, ಮಾರಾಯ್ರೇ!

ಕೊನೆಯ ಎರಡು ಪುಟ, ‘ಸಮಾಜ ಎಚ್ಚೆತ್ತುಕೊಳ್ಳಬೇಕು’ ಅನ್ನುವಲ್ಲಿಂದ ಮುಂದಿನದ್ದು, ಹೆಸರುಗಳಿಗಾಗಿ ಕಣ್ಣಾಡಿಸಿದೆನೇ ಹೊರತು ನಾನು ಓದಲಿಲ್ಲ. ಅದನ್ನು ತೆಗೆದುಬಿಡಿ. ಬಲ್ವಾನಿಯನ್ನು ಮೊದಲ ಪುಟಕ್ಕೆ ತನ್ನಿ. ಅವನಿದ್ದೂ ನಿಮ್ಮ ವಾದದಲ್ಲಿ ಎಷ್ಟು ಉಳಿಯುತ್ತದೋ ಅಷ್ಟನ್ನು ಬರೆಯಿರಿ. ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಶೀರ್ಷಿಕೆ ನಾನೇ ಬದಲಿಸುತ್ತೇನೆ, ಅದಕ್ಕೆ ಮಾತ್ರ ಜಗಳ ಆಡಬೇಡಿ.

ಇಂತಿ,
ಸಂಪಾದಕ