ತಾರೆ ಕೋಟು ತೊಟ್ಟು ಬೆಂಚಿನಲ್ಲಿ ಕುಳಿತ ರಾತ್ರಿ: ಎನ್‌ಬಿಎ ವಿಶ್ರಾಂತಿ ಮತ್ತು ಸೀಸನ್ನಿನ ಉದ್ದದ ಬಗ್ಗೆ

ಮಿತ್ರರೇ, ತಾವು ನಿನ್ನೆ ಬರೆದುದನ್ನು ಎರಡು ಬಾರಿ ಓದಿದೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯವೊಂದರ ನಾಲ್ಕು ಟಿಕೆಟ್‌ಗಳಿಗೆ 600 ಡಾಲರ್‌ಗೂ ಮಿಗಿಲಾಗಿ ತೆತ್ತು, ಮಕ್ಕಳಿಬ್ಬರನ್ನು ಕೂರಿಸಿಕೊಂಡು ಎರಡೂವರೆ ಗಂಟೆ ಕಾರು ಓಡಿಸಿ ಹೋದ ಮೇಲೆ, ಮಕ್ಕಳು ಯಾರ ಹೆಸರಿನ ಜರ್ಸಿ ತೊಟ್ಟಿದ್ದರೋ ಆ ಆಟಗಾರನೇ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕುಳಿತಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಗಾಯವಿಲ್ಲದವನನ್ನು ಕೂರಿಸುವುದು ಮೋಸವಲ್ಲವೇ, ಸೀಸನ್ನನ್ನು 82ರಿಂದ 58 ಪಂದ್ಯಗಳಿಗೆ ಇಳಿಸಿದರೆ ಈ ಪೀಡೆ ತೊಲಗುವುದಿಲ್ಲವೇ, ಮಾರ್ಚಿನಲ್ಲಿ ಮತ್ತೆ ಹೋಗುವುದಾದರೆ ಮಂಗಳವಾರದ ಪಂದ್ಯವೋ ಭಾನುವಾರದ್ದೋ ಎಂಬ ತಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆಯಿಂದ ಹೊರಡುತ್ತದೆ ಎಂದು ನನಗನ್ನಿಸುತ್ತದೆ. ಆಟಗಾರನ ಮೈಯನ್ನು ಹಣ್ಣು ಮಾಡುವುದು ಪಂದ್ಯಗಳ ಒಟ್ಟು ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ನಡುವಿನ ಬಿಡುವು, ಅಂದರೆ ಬಿಡುವಿಲ್ಲದಿರುವುದು.

82 ಎಂಬ ಸಂಖ್ಯೆ 1967-68ರಿಂದ ನಡೆದು ಬಂದಿದೆ. ಪೂರ್ವ, ಪಶ್ಚಿಮ ಎಂಬ ಎರಡು ಗುಂಪುಗಳಲ್ಲಿ (ಕಾನ್ಫರೆನ್ಸ್) ಹಂಚಿಹೋಗಿರುವ ಇಂದಿನ 30 ತಂಡಗಳಲ್ಲಿ ಪ್ರತಿಯೊಂದೂ ಎದುರಿನ ಕಾನ್ಫರೆನ್ಸಿನ 15 ತಂಡಗಳೊಡನೆ ತಲಾ ಎರಡು, ತನ್ನ ಕಾನ್ಫರೆನ್ಸಿನೊಳಗೆ ಕೆಲವರೊಡನೆ ಮೂರು, ಉಳಿದವರೊಡನೆ ನಾಲ್ಕು ಪಂದ್ಯಗಳನ್ನು ಆಡಿ ಈ ಲೆಕ್ಕವನ್ನು ತುಂಬುತ್ತದೆ. 2024-25ರ ಸೀಸನ್ ಅಕ್ಟೋಬರ್ 22ರಂದು ಆರಂಭವಾಗಿ ಏಪ್ರಿಲ್ 13ರಂದು ಮುಗಿಯಿತು. ಒಟ್ಟು 174 ದಿನ. ಭಾಗಿಸಿದರೆ ಸರಾಸರಿ ಎರಡು ದಿನಕ್ಕೆ ಒಂದು ಪಂದ್ಯಕ್ಕಿಂತ ತುಸು ವಿರಳ. ಆದರೆ ಯಾವ ತಂಡವೂ ಸರಾಸರಿಯಂತೆ ಆಡುವುದಿಲ್ಲ. ಒಂದು ವಾರ ಎರಡೇ ಪಂದ್ಯ, ಮರುವಾರ ನಾಲ್ಕು, ಅದರಲ್ಲೂ ಎರಡು ಸತತ ರಾತ್ರಿಗಳಲ್ಲಿ. ಇದನ್ನೇ ಬ್ಯಾಕ್-ಟು-ಬ್ಯಾಕ್ ಎನ್ನುವುದು.

ಆ ಎರಡು ರಾತ್ರಿಗಳ ನಡುವೆ ಏನು ನಡೆಯುತ್ತದೆ ಎಂಬುದನ್ನು ಟಿವಿಯಲ್ಲಿ ತೋರಿಸುವುದಿಲ್ಲ. ಏಳೂವರೆಗೆ ಆರಂಭವಾದ ಪಂದ್ಯ ಹತ್ತರ ಹೊತ್ತಿಗೆ ಮುಗಿಯುತ್ತದೆ. ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು, ಸ್ನಾನ ಮುಗಿಸಿ, ವರದಿಗಾರರಿಗೆ ನಾಲ್ಕು ಮಾತು ಹೇಳಿ ಬಸ್ ಹತ್ತುವಾಗ ಹನ್ನೊಂದು ಸಮೀಪಿಸಿರುತ್ತದೆ. ಮಧ್ಯರಾತ್ರಿಯ ಆಸುಪಾಸಿನಲ್ಲಿ ತಂಡದ ವಿಮಾನ ಏರುತ್ತದೆ. ಇಳಿಯುವುದು ಒಂದೂವರೆಗೋ ಎರಡಕ್ಕೋ, ಪೂರ್ವದ ಕಡೆಗೆ ಹಾರಿದ್ದರೆ ಗಡಿಯಾರ ಇನ್ನೊಂದು ಗಂಟೆ ನುಂಗಿರುತ್ತದೆ. ಹೋಟೆಲಿನ ಹಾಸಿಗೆ ಸಿಗುವುದು ಮೂರಕ್ಕೆ. ಆಟದ ಬಿಸಿ ಆರದ ಮೈಗೆ ನಿದ್ರೆ ಯಾವಾಗ ಹತ್ತುತ್ತದೋ ಅದು ಅವರವರ ಅದೃಷ್ಟ. ಅದೇ ಸಂಜೆ ಏಳಕ್ಕೆ ಮತ್ತೆ ಅಂಕಣ. 35 ದಾಟಿದವನನ್ನೋ, ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿ ಬಂದವನನ್ನೋ ಈ ಎರಡನೆಯ ರಾತ್ರಿ ಆಡಿಸಲು ತರಬೇತುದಾರ ಹಿಂಜರಿದರೆ ಅದನ್ನು ಸೋಮಾರಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ಜಗಳ ಬೀದಿಗೆ ಬಂದದ್ದು 2012ರ ನವೆಂಬರ್ 29ರಂದು. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಆಗಿನ ತರಬೇತುದಾರ ಗ್ರೆಗ್ ಪೊಪೊವಿಚ್ ಅವರು ಮಯಾಮಿಯಲ್ಲಿ, ದೇಶವ್ಯಾಪಿ ಪ್ರಸಾರವಿದ್ದ ಪಂದ್ಯಕ್ಕೆ ಮುನ್ನವೇ ತಮ್ಮ ಮುಖ್ಯ ಆಟಗಾರರಾದ ಟಿಮ್ ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ ಮತ್ತು ಡ್ಯಾನಿ ಗ್ರೀನ್ ಅವರನ್ನು ವಿಮಾನ ಹತ್ತಿಸಿ ಊರಿಗೆ ಕಳುಹಿಸಿಬಿಟ್ಟರು. ಲೀಗಿನ ಆಗಿನ ಮುಖ್ಯಸ್ಥ (ಕಮಿಷನರ್) ಡೇವಿಡ್ ಸ್ಟರ್ನ್ ಅಭಿಮಾನಿಗಳ ಕ್ಷಮೆ ಕೇಳಿ, ತಂಡಕ್ಕೆ 2,50,000 ಡಾಲರ್ ದಂಡ ಹಾಕಿದರು. ಆದರೆ ಆ ದಿನದ ವೇಳಾಪಟ್ಟಿಯನ್ನು ನೋಡಿ: ಹೊರ ಊರುಗಳ ಪ್ರವಾಸದ ಆರನೆಯ ಪಂದ್ಯ, ಐದು ರಾತ್ರಿಗಳಲ್ಲಿ ನಾಲ್ಕನೆಯದು. ಉಳಿದವರೇ ಆಡಿ 105-100ರಲ್ಲಿ ಸೋತರು ಎಂಬುದು ಬೇರೆ ಮಾತು. ದಂಡ ತೆತ್ತದ್ದು ಸ್ಪರ್ಸ್. ಐದು ರಾತ್ರಿಗೆ ನಾಲ್ಕು ಪಂದ್ಯ ಹೊಂದಿಸಿದ ಲೀಗ್ ಏನನ್ನೂ ತೆರಲಿಲ್ಲ. ಐದು ವರ್ಷಗಳ ಬಳಿಕ, 2017-18ಕ್ಕೆ ಲೀಗ್ ಒಂದು ವಾರ ಮೊದಲೇ ಸೀಸನ್ ಆರಂಭಿಸಿ, ಐದು ರಾತ್ರಿಗಳಲ್ಲಿ ನಾಲ್ಕು ಪಂದ್ಯ ಎಂಬ ಪದ್ಧತಿಯನ್ನೇ ತೆಗೆದುಹಾಕಿತು. 2014-15ರಲ್ಲಿ ತಂಡಕ್ಕೆ ಸರಾಸರಿ 19.3 ಇದ್ದ ಬ್ಯಾಕ್-ಟು-ಬ್ಯಾಕ್‌ಗಳು 14.4ಕ್ಕೆ ಇಳಿದವು. ಒಂದು ಪಂದ್ಯವನ್ನೂ ಕಡಿಮೆ ಮಾಡದೆ ಸಾಧಿಸಿದ ಸುಧಾರಣೆ ಇದು.

ಈಗ ತಮ್ಮ 58ರ ಮಾತಿಗೆ ಬರುತ್ತೇನೆ. ಪ್ರತಿ ತಂಡದೊಡನೆ ಇಲ್ಲೊಂದು, ಅಲ್ಲೊಂದು ಎಂಬ ಆ ಲೆಕ್ಕ ನೋಡಲು ಚೆಂದ. 174 ದಿನಗಳಿಗೆ ಹರಡಿದರೆ ಮೂರು ದಿನಕ್ಕೊಂದು ಪಂದ್ಯವಾಗುತ್ತದೆ, ಸಂಶಯವಿಲ್ಲ. ಆದರೆ ಪಂದ್ಯಗಳನ್ನು ಕಡಿಮೆ ಮಾಡಿದಾಗಲೆಲ್ಲ ದಿನಗಳನ್ನೂ ಕತ್ತರಿಸಿದ್ದೇ ಈ ಲೀಗಿನ ಚರಿತ್ರೆ. ಮಾಲೀಕರು ಮತ್ತು ಆಟಗಾರರ ಜಗಳದಿಂದ ತಡವಾಗಿ ಆರಂಭವಾದ 2011-12ರ ಸೀಸನ್ನಿನಲ್ಲಿ 66 ಪಂದ್ಯಗಳೇನೋ ಇದ್ದವು, ಆದರೆ ಅವನ್ನು 124 ದಿನಗಳಿಗೆ ತುರುಕಿದ್ದರು. ಸತತ ಮೂರು ರಾತ್ರಿ ಆಡಬೇಕಾದ ಸಂದರ್ಭಗಳೂ ಬಂದವು. ಸೀಸನ್ ಮುಗಿದ ಮೇಲೆ ಕಪ್‌ಗಾಗಿ ನಡೆಯುವ ಸುತ್ತುಗಳಾದ ಪ್ಲೇಆಫ್‌ನ ಮೊದಲ ದಿನವೇ ಆ ವರ್ಷ ಷಿಕಾಗೊದ ಡೆರಿಕ್ ರೋಸ್ ಅವರ ಮೊಣಕಾಲಿನ ಲಿಗಮೆಂಟ್ ಹರಿಯಿತು. ಕೋವಿಡ್ ಕಾಲದ 2020-21ರಲ್ಲಿ 72 ಪಂದ್ಯಗಳು 146 ದಿನಗಳಲ್ಲಿ ಮುಗಿದವು, ಹಿಂದಿನ ವರ್ಷದ ಫೈನಲ್ಸ್ ಮುಗಿದು ಈ ಸೀಸನ್ ಆರಂಭವಾಗುವ ನಡುವೆ ಸಿಕ್ಕ ವಿರಾಮ 72 ದಿನ ಮಾತ್ರ. ಆ ಸೀಸನ್ನಿನ ಕೊನೆಯಲ್ಲಿ ಜಮಾಲ್ ಮರ್ರಿ, ಪ್ಲೇಆಫ್‌ನಲ್ಲಿ ಕವಾಯ್ ಲೆನರ್ಡ್ ಇಬ್ಬರೂ ಮೊಣಕಾಲಿಗೆ ಗಾಯ ಮಾಡಿಕೊಂಡು ಕುಳಿತರು. ಒಂದೆರಡು ಗಾಯಗಳಿಂದ ಸಿದ್ಧಾಂತ ಕಟ್ಟಬಾರದು ಎಂಬುದು ನನಗೂ ಗೊತ್ತು. ಆದರೂ ಬಿಡುವನ್ನು ಹೆಚ್ಚಿಸದೆ ಬರೀ ಸಂಖ್ಯೆಯನ್ನು ಇಳಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ನನ್ನ ಅನಿಸಿಕೆಗೆ ಇವು ಬಲ ಕೊಡುತ್ತವೆ.

ಅದಿರಲಿ, 58 ಆಗುವುದೂ ಇಲ್ಲ. ತಂಡವೊಂದಕ್ಕೆ ತವರಿನ ಪಂದ್ಯಗಳು 41ರಿಂದ 29ಕ್ಕೆ ಇಳಿದರೆ ಹನ್ನೆರಡು ರಾತ್ರಿಗಳ ಟಿಕೆಟ್, ಪಾರ್ಕಿಂಗ್, ತಿಂಡಿಯ ಹಣ ಹೋಗುತ್ತದೆ. ಆದಾಯದಲ್ಲಿ ಸುಮಾರು ಅರ್ಧ ಪಾಲು ಆಟಗಾರರದೇ ಆದ್ದರಿಂದ ಅವರ ಸಂಬಳಕ್ಕೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ. 2025-26ರಿಂದ 11 ವರ್ಷಗಳಿಗೆ ಸುಮಾರು 76 ಬಿಲಿಯನ್ ಡಾಲರ್‌ಗಳ ಪ್ರಸಾರ ಒಪ್ಪಂದ ಜಾರಿಯಲ್ಲಿದೆ. ಸ್ಟೀವ್ ಕೆರ್ ಅವರು ಗೋಲ್ಡನ್ ಸ್ಟೇಟ್ ತಂಡದ ತರಬೇತುದಾರರಾಗಿ 72 ಸಾಕು ಎಂದು ಹಲವು ಬಾರಿ ಹೇಳಿದ್ದಾರೆ, ನನಗೂ ಅದು ಸರಿಯಾದ ಸಂಖ್ಯೆ ಎನಿಸುತ್ತದೆ. ಆದರೆ ಹತ್ತು ಪಂದ್ಯಗಳ ಸಂಬಳ ಬಿಟ್ಟುಕೊಡಲು ಸಿದ್ಧರಾದ ಆಟಗಾರರ ಸಾಲು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾಗಿ ಲೀಗ್ ನಿಯಮಗಳ ದಾರಿ ಹಿಡಿದಿದೆ. 2023ರ ಸೆಪ್ಟೆಂಬರಿನ ನಿಯಮದ ಪ್ರಕಾರ, ಹಿಂದಿನ ಮೂರು ಸೀಸನ್‌ಗಳಲ್ಲಿ ಆಲ್-ಸ್ಟಾರ್ (ಸೀಸನ್ ನಡುವಿನ ತಾರೆಗಳ ಪಂದ್ಯದ) ಅಥವಾ ಆಲ್-ಎನ್‌ಬಿಎ (ವರ್ಷದ ಶ್ರೇಷ್ಠ ಆಟಗಾರರ) ತಂಡಕ್ಕೆ ಆಯ್ಕೆಯಾದವನು ತಾರೆ. ಒಂದೇ ಪಂದ್ಯಕ್ಕೆ ಇಬ್ಬರು ತಾರೆಗಳನ್ನು ಕೂರಿಸುವಂತಿಲ್ಲ; ದೇಶವ್ಯಾಪಿ ಪ್ರಸಾರದ ಪಂದ್ಯಗಳಿಗೆ ತಾರೆಗಳು ಲಭ್ಯರಿರಬೇಕು; ಒಂದೊಂದು ಪಂದ್ಯದ ಗೈರುಹಾಜರಿಯನ್ನು ತವರು ಮತ್ತು ಹೊರ ಊರುಗಳ ನಡುವೆ ಹಂಚಬೇಕು. ಮೊದಲ ತಪ್ಪಿಗೆ 1,00,000 ಡಾಲರ್, ಎರಡನೆಯದಕ್ಕೆ 2,50,000, ಆಮೇಲೆ ಪ್ರತಿ ಬಾರಿಯೂ ಹಿಂದಿನದಕ್ಕಿಂತ ಹತ್ತು ಲಕ್ಷ ಹೆಚ್ಚು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಆಟಗಾರ ಪ್ರೇಕ್ಷಕರ ಕಣ್ಣಿಗೆ ಬೀಳುವಂತೆ ಇರಬೇಕೆಂಬುದೂ ಅದರಲ್ಲೇ ಇದೆ. ತಮ್ಮ ಮಕ್ಕಳು ಕಂಡ ಆ ಕೋಟು ನಿಯಮಪಾಲನೆಯ ಫಲ!

ಇವೆಲ್ಲ ಸರಿ, ಆದರೆ ಅದೇ ವರ್ಷ ಬಂದ 65 ಪಂದ್ಯಗಳ ಷರತ್ತು ನನಗೆ ಒಪ್ಪಿಗೆಯಿಲ್ಲ. ಎಂವಿಪಿಯಂಥ (ಸೀಸನ್ನಿನ ಅತ್ಯಂತ ಮೌಲ್ಯಯುತ ಆಟಗಾರ) ಪ್ರಶಸ್ತಿಗೆ ಅರ್ಹನಾಗಲು ಕನಿಷ್ಠ 65 ಪಂದ್ಯ ಆಡಿರಬೇಕು, ಎಣಿಕೆಗೆ ಬರಬೇಕಾದರೆ ಸಾಮಾನ್ಯವಾಗಿ ಕನಿಷ್ಠ 20 ನಿಮಿಷ ಅಂಕಣದಲ್ಲಿರಬೇಕು. ಈ ಷರತ್ತಿಗೆ ಆರೋಗ್ಯವಂತನ ವಿಶ್ರಾಂತಿಗೂ ಗಾಯಾಳುವಿನ ವಿಶ್ರಾಂತಿಗೂ ಭೇದ ತಿಳಿಯದು. 2024ರಲ್ಲಿ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ತೊಡೆಯ ಹಿಂಭಾಗದ ಸ್ನಾಯು ಪೂರ್ತಿ ವಾಸಿಯಾಗುವ ಮುನ್ನವೇ ಆಡಿದರು. ಆಲ್-ಎನ್‌ಬಿಎ ಸ್ಥಾನ ತಪ್ಪಿದ್ದರೆ ಒಪ್ಪಂದದಲ್ಲಿ ಸುಮಾರು 4 ಕೋಟಿ ಡಾಲರ್ ಕಳೆದುಕೊಳ್ಳುತ್ತಿದ್ದರು. ಅದೇ ವರ್ಷದ ಜನವರಿಯಲ್ಲಿ ಜೋಯಲ್ ಎಂಬೀಡ್ ಡೆನ್ವರಿನಲ್ಲಿ ಕೊನೆಯ ಗಳಿಗೆಯಲ್ಲಿ ಆಡಲಿಲ್ಲವೆಂದು ಗೇಲಿಗೊಳಗಾದರು, ಮುಂಚೆ ತಿಳಿಸದ ತಪ್ಪಿಗೆ ಅವರ ಫಿಲಡೆಲ್ಫಿಯಾ ತಂಡ 75,000 ಡಾಲರ್ ದಂಡ ಕಟ್ಟಿತು. ಮೂರು ದಿನಗಳ ನಂತರ ಆಡಲಿಳಿದಾಗ ಎದುರಾಳಿಯೊಬ್ಬ ಮೇಲೆ ಬಿದ್ದು ಎಡ ಮೊಣಕಾಲು ಕೆಟ್ಟಿತು. ಅದು ಅಪಘಾತವೇ. ಆದರೂ ಆ ಮೊಣಕಾಲು ಡೆನ್ವರಿನಲ್ಲಿ ನಿಜವಾಗಿಯೂ ನೋಯುತ್ತಿತ್ತೇನೋ ಎಂದು ಗೇಲಿ ಮಾಡಿದವರಲ್ಲಿ ಕೆಲವರಾದರೂ ಆಮೇಲೆ ಯೋಚಿಸಿರಬೇಕು.

ವಿಶ್ರಾಂತಿ ಕೊಟ್ಟರೆ ಗಾಯ ತಪ್ಪುತ್ತದೆಯೇ? ಕವಾಯ್ ಲೆನರ್ಡ್ 2018-19ರಲ್ಲಿ ಟೊರಾಂಟೊ ಪರವಾಗಿ 60 ಪಂದ್ಯಗಳನ್ನಷ್ಟೇ ಆಡಿ, ಪ್ಲೇಆಫ್‌ನಲ್ಲಿ ಹುರುಪಿನಿಂದ ಆಡಿ ಕಪ್ ಗೆಲ್ಲಿಸಿದರು. ಹಿಂದಿನ ವರ್ಷ ಗಾಯದಿಂದ 9 ಪಂದ್ಯ ಮಾತ್ರ ಆಡಿದ್ದವರು ಅವರು. ಇನ್ನೊಂದು ಕಡೆ, ಕೂರಿಸುವುದಕ್ಕೂ ಗಾಯ ಕಡಿಮೆಯಾಗುವುದಕ್ಕೂ ಸಂಬಂಧ ಕಾಣುತ್ತಿಲ್ಲವೆಂದು ಲೀಗ್ 2024ರ ಜನವರಿಯಲ್ಲಿ ತಂಡಗಳಿಗೆ ವರದಿ ಕಳುಹಿಸಿತು. ಅದನ್ನು ನಾನು ಜಾಗರೂಕತೆಯಿಂದಲೇ ಓದುತ್ತೇನೆ, ಏಕೆಂದರೆ ವಿಶ್ರಾಂತಿ ಪಡೆಯುವವರು ಹೆಚ್ಚಾಗಿ ಮೊದಲೇ ಮೊಣಕಾಲು ಸವೆದವರು. ಔಷಧಿ ಅಂಗಡಿಯ ಮುಂದೆ ರೋಗಿಗಳೇ ಹೆಚ್ಚು ನಿಂತಿದ್ದಾರೆಂದು ಔಷಧಿಯನ್ನು ದೂರಲಾದೀತೇ? ನನಗೆ ಮೆಚ್ಚುಗೆಯಾದ ದಾರಿ 2013-14ರ ಸ್ಪರ್ಸ್ ತಂಡದ್ದು. ಆ ವರ್ಷ ಅವರಲ್ಲಿ ಒಬ್ಬನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ, ಕಪ್ ಮಾತ್ರ ಅವರದಾಯಿತು. ಇಡೀ ಪಂದ್ಯ ಕೂರಿಸುವುದರ ಬದಲು ನಿಮಿಷಗಳನ್ನು ಉಳಿಸಿದರೆ ಟಿಕೆಟ್ ಕೊಂಡವನಿಗೂ ಅನ್ಯಾಯವಾಗದು.

ಮೋಸ ಎಂಬ ತಮ್ಮ ಮಾತನ್ನು ನಾನು ಒಪ್ಪುವುದು ಒಂದೇ ಅಂಶಕ್ಕೆ: ಮುಂಚೆ ಹೇಳದಿರುವುದು. 2025ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ಬುಮ್ರಾ ಮೂರನ್ನು ಮಾತ್ರ ಆಡುತ್ತಾರೆಂದು ಸರಣಿಗೆ ಮುನ್ನವೇ ತಿಳಿಸಿದ್ದರು. ಗೊಣಗಿದವರಿದ್ದರು, ಆದರೆ ಇಲ್ಲದ ಆಸೆಯಲ್ಲಿ ಯಾರೂ ಉಳಿಯಲಿಲ್ಲ.

ಇನ್ನು ಟಿಕೆಟ್ ವಿಷಯ. ಕೊಳ್ಳುವ ಮುನ್ನ ತಮ್ಮ ತಾರೆಯ ತಂಡ ಹಿಂದಿನ ರಾತ್ರಿ ಎಲ್ಲಿತ್ತು ಎಂದು ವೇಳಾಪಟ್ಟಿಯಲ್ಲಿ ನೋಡಿ. ಬ್ಯಾಕ್-ಟು-ಬ್ಯಾಕ್‌ನ ಎರಡನೆಯ ರಾತ್ರಿಯಾದರೆ ಬಿಟ್ಟುಬಿಡಿ, ಅದರಲ್ಲೂ ತಾರೆ 35 ದಾಟಿದವನಾದರೆ, ಏಕೆಂದರೆ ಅಂಥವರಿಗೆ ಮುಂಗಡ ಅನುಮತಿ ಕೇಳಲು ನಿಯಮದಲ್ಲೇ ಅವಕಾಶವಿದೆ. ದೇಶವ್ಯಾಪಿ ಪ್ರಸಾರದ ಪಂದ್ಯ ಹೆಚ್ಚು ಭರವಸೆಯದು. ಏಪ್ರಿಲ್‌ನಲ್ಲಿ ಸೀಸನ್ ಮುಗಿಯುವ ಮುನ್ನಿನ ಒಂದು ವಾರ ಬೇಡವೇ ಬೇಡ. ಅಂಕಪಟ್ಟಿಯಲ್ಲಿ ಸ್ಥಾನ ನಿಗದಿಯಾದ ತಂಡಗಳು ಆಗ ಯಾರನ್ನಾದರೂ ಕೂರಿಸುತ್ತವೆ. ಗಾಯದ ಪಟ್ಟಿಯನ್ನು ತಂಡಗಳು ಸಾಮಾನ್ಯವಾಗಿ ಹಿಂದಿನ ದಿನ ಸಂಜೆಯೇ ಕೊಡಬೇಕು, ಸತತ ಎರಡನೆಯ ರಾತ್ರಿಯಾದರೆ ಅದೇ ದಿನ ಮಧ್ಯಾಹ್ನ. ಅದರಲ್ಲಿ ‘ಪ್ರಾಬಬಲ್’ ಎಂದಿದ್ದರೆ ನಿಶ್ಚಿಂತೆಯಿಂದ ಹೊರಡಿ, ‘ಕ್ವೆಶ್ಚನಬಲ್’ ಎಂದರೆ ಅರ್ಧಕ್ಕರ್ಧ, ‘ಡೌಟ್‌ಫುಲ್’ ಎಂದರೆ ಆಸೆ ಬಿಡಿ. ಕಳೆದ ವರ್ಷ ನಾನು ಒಂದು ಮರುಮಾರಾಟದ ಟಿಕೆಟ್ ನೋಡುತ್ತ ಕುಳಿತಿದ್ದಾಗ, ತಾರೆ ಆಡುವುದಿಲ್ಲವೆಂಬ ಸುದ್ದಿ ಬಂದ ಅರ್ಧ ಗಂಟೆಯಲ್ಲಿ 140 ಡಾಲರಿನ ಸೀಟು 65ಕ್ಕೆ ಇಳಿಯಿತು. ಆ ರಾತ್ರಿ ನಾನು 65 ಕೊಟ್ಟೇ ಹೋದೆ, ಎರಡನೆಯ ಸಾಲಿನ ಹುಡುಗರು ಜೀವ ಬಿಟ್ಟು ಆಡಿದರು.

ತಮ್ಮ ಎರಡು ದಿನಾಂಕಗಳಲ್ಲಿ ಭಾನುವಾರದ ಪಂದ್ಯಕ್ಕೆ ಮುನ್ನ, ಶನಿವಾರ ರಾತ್ರಿ, ಆ ತಂಡ ಬೇರೊಂದು ಊರಿನಲ್ಲಿ ಆಡುತ್ತಿದೆಯೆಂದು ತಾವೇ ಬರೆದಿದ್ದೀರಿ. ಮಂಗಳವಾರಕ್ಕೆ ಮುಂಚೆ ಎರಡು ದಿನ ಬಿಡುವಿದೆ. ಮಂಗಳವಾರವೇ ಕೊಳ್ಳಿ, ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಮಕ್ಕಳಿಗೆ ವಾರ್ಮ್-ಅಪ್ ತೋರಿಸಿ. ಬುಧವಾರದ ಶಾಲೆಗೆ ತಡವಾಗುವ ವಿಷಯವನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.