ದುಂಡನೆಯ ಸಂಪು, ಚೌಕದ ಲೆಕ್ಕ

ಪ್ರಶ್ನೆ: ಮನೆಗೆ ಹೊಸದಾಗಿ ದುಂಡನೆಯ ಸಂಪು ಕಟ್ಟಿಸಿದ್ದೇವೆ. ಒಳಗೆ 6 ಅಡಿ ಅಗಲ, 5 ಅಡಿ ಆಳ. ಲೀಟರಿಗೆ ಇಷ್ಟು ಅಂತ ಮಾತಾಗಿತ್ತು, ಮೇಸ್ತ್ರಿ 5,000 ಲೀಟರ್ ಲೆಕ್ಕ ಹಾಕಿದ್ದಾರೆ. ಆದರೆ ಮೊನ್ನೆ 4,000 ಲೀಟರಿನ ಟ್ಯಾಂಕರ್ ತರಿಸಿದರೆ ಖಾಲಿ ಸಂಪು ಬಾಯಿಮಟ ತುಂಬಿತು. ಯಾರನ್ನು ನಂಬಲಿ ಸರ್?
– ಗೃಹಿಣಿ, ದಾವಣಗೆರೆ

ಉತ್ತರ: ಟ್ಯಾಂಕರಿನವರನ್ನು ನಂಬಿ ಅಮ್ಮ. ಮೇಸ್ತ್ರಿ 6 ಗುಣಿಸು 6 ಗುಣಿಸು 5 ಅಂತ ಹಾಕಿ 180 ಘನ ಅಡಿ ಅಂದಿದ್ದಾರೆ, ಒಂದು ಘನ ಅಡಿಗೆ ಸುಮಾರು 28.3 ಲೀಟರ್ ಹಿಡಿಯುವುದರಿಂದ ಅದು 5,000 ದಾಟಿತು. ಚೌಕದ ಸಂಪಾಗಿದ್ದರೆ ಅದು ಸರಿ. ನಿಮ್ಮದಕ್ಕೆ ಮೂಲೆಗಳೇ ಇಲ್ಲವಲ್ಲ! ಇಲ್ಲದ ನಾಲ್ಕು ಮೂಲೆಗೂ ದುಡ್ಡು ಕೇಳಿದ ಹಾಗಾಯಿತು.

ಸರಿಯಾದ ಲೆಕ್ಕ ಇದು. ಅಗಲದ ಅರ್ಧ 3 ಅಡಿ. 3ನ್ನು 3ರಿಂದ ಗುಣಿಸಿ, ಮತ್ತೆ 3.14ರಿಂದ ಗುಣಿಸಿದರೆ ತಳದ ವಿಸ್ತೀರ್ಣ 28.26 ಚದರ ಅಡಿ. ಅದನ್ನು ಆಳದ 5 ಅಡಿಯಿಂದ ಗುಣಿಸಿದರೆ 141.3 ಘನ ಅಡಿ, ಅಂದರೆ ಹೆಚ್ಚು ಕಡಿಮೆ 4,000 ಲೀಟರ್.

3.14 ಬೇಡ ಅನ್ನುವವರಿಗೆ ಒಂದು ದಾರ ಸಾಕು. ಸುತ್ತಳತೆಯ ಅರ್ಧವನ್ನು ಅಗಲದ ಅರ್ಧದಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ ಸಿಗುತ್ತದೆ ಅಂತ ಆರ್ಯಭಟ ಸುಮಾರು 1,500 ವರ್ಷದ ಹಿಂದೆಯೇ ಹೇಳಿದ್ದಾನೆ, ನನಗೆ ಇಂದಿಗೂ ಇದಕ್ಕಿಂತ ಚೆಂದದ ದಾರಿ ಕಂಡಿಲ್ಲ. ಸಂಪಿನ ಒಳಗೋಡೆಗೆ ದಾರ ಒತ್ತಿ ಒಂದು ಸುತ್ತು ಹಾಕಿ, ಬಿಚ್ಚಿ ಅಳೆಯಿರಿ. 18 ಅಡಿ 10 ಇಂಚು ಬರುತ್ತದೆ. ಅದರ ಅರ್ಧ 9 ಅಡಿ 5 ಇಂಚು, ಮೂರರಿಂದ ಗುಣಿಸಿದರೆ ಮತ್ತೆ ಅದೇ ಇಪ್ಪತ್ತೆಂಟೂಕಾಲು.

ಒಳಗೋಡೆ ಅಂದಿದ್ದು ಸುಮ್ನೆ ಅಲ್ಲ. ಹೊರಗಿನಿಂದ 6 ಅಡಿ ಇದ್ದು ಗೋಡೆ 3 ಇಂಚು ದಪ್ಪ ಇದ್ದರೆ ಒಳಗೆ ಉಳಿಯುವುದು ಐದೂವರೆ ಅಡಿ. ಆಗ ಅದೇ ಆಳಕ್ಕೆ ಸುಮಾರು 3,360 ಲೀಟರ್ ಮಾತ್ರ. ಅರ್ಧ ಅಡಿಗೆ ಇಷ್ಟು ಜಾಸ್ತಿ ಯಾಕೆ ಕಡಿಮೆ ಆಯಿತು ಅಂದರೆ, ನಿಮ್ಮೂರಿನ ಬೆಣ್ಣೆ ದೋಸೆಯನ್ನೇ ನೋಡಿ. 6 ಇಂಚಿನ ದೋಸೆಗೆ ಒಂದು ಸೌಟು ಹಿಟ್ಟು ಬೇಕಾದರೆ, ಅಷ್ಟೇ ದಪ್ಪದ 12 ಇಂಚಿನ ದೋಸೆಗೆ ಎರಡಲ್ಲ, ನಾಲ್ಕು ಸೌಟು ಬೇಕು. ಅಗಲ ಎರಡು ಕಡೆಗೂ ಬೆಳೆಯುತ್ತದೆ ಅಲ್ವಾ?

ಬಾಕಿ ಹಣ ಕೊಡುವ ಮುಂಚೆ ಮೇಸ್ತ್ರಿಯನ್ನು ಸಂಪಿನ ಹತ್ತಿರ ಕರೆದು, ದಾರ ಅವರ ಕೈಗೇ ಕೊಟ್ಟು ಅಳೆಸಿ. ಬೇಕಂತಲೇ ಮಾಡಿರಲಿಕ್ಕಿಲ್ಲ, ಎಷ್ಟೋ ಜನ ರೂಢಿಯಿಂದ ಹೀಗೇ ಗುಣಿಸುತ್ತಾರೆ.