ಹೊಸ ರೂಟರ್ ಬಂದ ಮೇಲೆ ಪ್ರಿಂಟರ್‌ಗೆ ವೈಫೈ ಕಾಣದಿದ್ದರೆ

ಫೋನಿಗೆ ಸಿಗುವ ವೈಫೈ ಹೆಸರು ಪ್ರಿಂಟರ್‌ನ ಪಟ್ಟಿಯಲ್ಲಿ ಮಾತ್ರ ಬರುತ್ತಿಲ್ಲ ಅಂದರೆ, ಬಹುಶಃ ಆ ಹೆಸರು 5 ಗಿಗಾಹರ್ಟ್ಸ್‌ನದು. ರೂಟರ್ ವೈಫೈ ಕಳಿಸುವ ಎರಡು ರೇಡಿಯೋ ಬ್ಯಾಂಡ್‌ಗಳೇ 2.4 ಮತ್ತು 5 ಗಿಗಾಹರ್ಟ್ಸ್. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ಸುಮ್ನೆ ಪ್ರಿಂಟರ್ ರಿಪೇರಿಗೆ ಕೊಡಬೇಡಿ.

ಮೊದಲು ಫೋನ್ ಅಥವಾ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ಸ್ ತೆರೆಯಿರಿ. ಅದರ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್ ಅಡಿಯ ಸ್ಟಿಕರ್ ಮೇಲೆ ಇರುತ್ತವೆ. ವೈರ್‌ಲೆಸ್ ವಿಭಾಗದಲ್ಲಿ 2.4 ಆನ್ ಮಾಡಿ, ಅದಕ್ಕೆ ಬೇರೆಯದೇ ಹೆಸರು ಕೊಡಿ. ಚಾನೆಲ್ (ಆ ಬ್ಯಾಂಡ್‌ನೊಳಗಿನ ಸಣ್ಣ ಭಾಗ) 1, 6 ಅಥವಾ 11 ಇಡಿ. 12, 13ರಲ್ಲಿದ್ದರೆ ಕೆಲವು ಪ್ರಿಂಟರ್‌ಗಳಿಗೆ ಕಾಣುವುದೇ ಇಲ್ಲ. ಸೆಕ್ಯುರಿಟಿ, ಅಂದರೆ ವೈಫೈಗೆ ರಕ್ಷಣೆ ಕೊಡುವ ವಿಧಾನ, ಡಬ್ಲ್ಯೂಪಿಎ3 (WPA3) ಮಾತ್ರ ಅಂತಿದ್ದರೆ ಅದಕ್ಕಿಂತ ಹಳೆಯ ಡಬ್ಲ್ಯೂಪಿಎ2ಗೆ (WPA2) ಬದಲಿಸಿ. ಹಳೇ ಪ್ರಿಂಟರ್ ತಡವರಿಸುವುದು ಇಲ್ಲೇ ಜಾಸ್ತಿ.

ಆಮೇಲೆ ಫೋನನ್ನೂ ಅದೇ ಹೆಸರಿಗೆ ಸೇರಿಸಿ. ಗೆಸ್ಟ್ ವೈಫೈ ಬೇಡ, ಅದರಲ್ಲಿ ಸಾಮಾನ್ಯವಾಗಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಇರುತ್ತದೆ. ಪ್ರಿಂಟರ್‌ನಲ್ಲಿ ನೆಟ್‌ವರ್ಕ್ ರೀಸೆಟ್ ಮಾಡಿ. ಸ್ಕ್ರೀನ್ ಇಲ್ಲದ ಪ್ರಿಂಟರ್ ಆದರೆ ವೈಫೈ ಬಟನ್ ಒತ್ತಿ ಹಿಡಿಯಿರಿ, ದೀಪ ಮಿನುಗತೊಡಗಿದಾಗ ಬಿಡಿ. ಇದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ ಇರಬಹುದು, ಮ್ಯಾನುಯಲ್ ಒಮ್ಮೆ ನೋಡಿಕೊಳ್ಳಿ. ಈಗ ಕಂಪನಿಯ ಆ್ಯಪ್‌ನಿಂದ ಪ್ರಿಂಟರ್ ಸೇರಿಸಿ. ದೀಪ ಮಿನುಗದೆ ಒಂದೇ ಸಮ ಉರಿದರೆ ಸಾಮಾನ್ಯವಾಗಿ ಕನೆಕ್ಟ್ ಆಗಿದೆ ಅಂತ ಅರ್ಥ. ಒಂದು ಪುಟ ಪ್ರಿಂಟ್ ಕೊಟ್ಟು ನೋಡಿ.